ರತ್ನಗಂಬಳಿಯ ಬೆನ್ನು ನೋಡಿ

ರೇಷ್ಮೆಯ ರತ್ನಗಂಬಳಿ ಮಾರುವವರ ಹತ್ತಿರ ಒಂದು ಕೈಚಳಕ ಇರುತ್ತದೆ. ಗಿರಾಕಿಯನ್ನು ಕೂರಿಸಿ, ಕೈಗೆ ಬಿಸಿಬಿಸಿ ಕಹ್ವಾ ಚಹಾ ಕೊಟ್ಟು, ಕಂಬಳಿಯನ್ನು ಎದುರಿಗೆ ಹಾಸುತ್ತಾರೆ. ಆಗ ಅದರ ಬಣ್ಣ ಕಡುನೀಲಿ, ಕಡುಗೆಂಪು. ಆಮೇಲೆ ಇಬ್ಬರು ಹುಡುಗರು ಎರಡು ತುದಿ ಹಿಡಿದು ಗಿರ್ರನೆ ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಸುತ್ತಾರೆ. ಅದೇ ಕಂಬಳಿ ಈಗ ತಿಳಿನೀಲಿ, ಗುಲಾಬಿ, ಮೇಲೆಲ್ಲ ಬೆಳ್ಳಿಯ ಮಿಂಚು. ಕೂತವರು "ಅಬ್ಬಾ!" ಅನ್ನುತ್ತಾರೆ. ಅಂಗಡಿಯವರು ಅಷ್ಟಕ್ಕೇ ಕಾದಿರುತ್ತಾರೆ. "ಪ್ಯೂರ್ ಸಿಲ್ಕ್ ಸಾರ್, ಇದು" ಎಂದು ಮಾತು ಶುರುವಾಗುತ್ತದೆ.

ಇದರಲ್ಲಿ ಮಾಯೆ ಏನೂ ಇಲ್ಲ. ಗಂಟು ಹಾಕಿ ನೇಯ್ದ ಕಂಬಳಿಯಲ್ಲಿ ಎಳೆಗಳ ತುದಿಗಳೆಲ್ಲ ಒಂದೇ ದಿಕ್ಕಿಗೆ ಬಾಗಿರುತ್ತವೆ. ನೇಕಾರ ಪ್ರತಿ ಗಂಟನ್ನೂ ತನ್ನ ಕಡೆಗೆ, ಕೆಳಕ್ಕೆ ಎಳೆದು ಕತ್ತರಿಸುವುದರಿಂದ ಹಾಗಾಗುತ್ತದೆ. ಒಂದು ಕಡೆಯಿಂದ ನೋಡಿದರೆ ಕತ್ತರಿಸಿದ ತುದಿಗಳು ನಿಮ್ಮನ್ನು ನೋಡುತ್ತವೆ. ಬೆಳಕು ಒಳಗೆ ಇಳಿಯುತ್ತದೆ, ಬಣ್ಣ ಗಾಢವಾಗುತ್ತದೆ. ಇನ್ನೊಂದು ಕಡೆಯಿಂದ ಎಳೆಗಳ ಮೈ ಕಾಣುತ್ತದೆ. ಬೆಳಕು ಅದರ ಮೇಲೆ ಜಾರಿ ಹಿಂತಿರುಗುತ್ತದೆ. ಉಣ್ಣೆಯ ಕಂಬಳಿಯಲ್ಲೂ ಇದು ಇದ್ದೇ ಇದೆ. ರೇಷ್ಮೆಯ ಎಳೆಯನ್ನು ಅಡ್ಡಕ್ಕೆ ಸೀಳಿ ನೋಡಿದರೆ ಹೆಚ್ಚುಕಡಿಮೆ ತ್ರಿಕೋನಾಕಾರ, ಹಾಗಾಗಿ ಅದರಲ್ಲಿ ಈ ಆಟ ಎದ್ದು ಕಾಣುತ್ತದೆ, ಅಷ್ಟೆ.

ತೊಂದರೆ ಇರುವುದು ಬೇರೆ ಕಡೆ. ಮರದ ತಿರುಳಿನಿಂದ ಮಾಡುವ ವಿಸ್ಕೋಸ್ ನೂಲಿನ ಕಂಬಳಿಯನ್ನು ತಿರುಗಿಸಿದರೂ ಬಣ್ಣ ಬದಲಾಗುತ್ತದೆ. ಹೊಳಪು ಕೊಟ್ಟ ಮರ್ಸರೈಸ್ಡ್ ಹತ್ತಿಯ ಕಂಬಳಿಯೂ ಅದೇ ಆಟ ಆಡುತ್ತದೆ. ಹೀಗಾಗಿ ಆ ಗಿರಕಿಯಿಂದ ನಿಮಗೆ ತಿಳಿಯುವುದು ಕಂಬಳಿಗೆ ತುಪ್ಪಳ, ಎಂದರೆ ಮೇಲೆದ್ದ ಎಳೆ, ಇದೆ ಎಂಬುದು ಮಾತ್ರ. ಅದು ರೇಷ್ಮೆಯೋ ಅಲ್ಲವೋ, ಒಳ್ಳೆಯದೋ ಕೆಟ್ಟದೋ, ಅದರಿಂದ ತಿಳಿಯುವುದಿಲ್ಲ. ಹೊಳಪನ್ನು ನೋಡಿ ಕೊಳ್ಳಬೇಡಿ, ಬೆನ್ನು ನೋಡಿ ಕೊಳ್ಳಿ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಇನ್ನು ಉಳಿದದ್ದು ಅದರ ವಿವರ.

ರೇಷ್ಮೆಯ ವಿಷಯದಲ್ಲಿ ನಾವು ಕನ್ನಡಿಗರು ತಿಳಿಯದವರೇನಲ್ಲ. ದೇಶದಲ್ಲಿ ಅತಿ ಹೆಚ್ಚು ಕಚ್ಚಾ ರೇಷ್ಮೆ ಬೆಳೆಯುವ ರಾಜ್ಯ ನಮ್ಮದು. ರಾಮನಗರ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗಳಲ್ಲಿ ಗೂಡನ್ನು ಬೆರಳಲ್ಲಿ ಒತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ಗುಣ ಹೇಳುವವರಿದ್ದಾರೆ. ಮದುವೆ ಸೀರೆಗೆ ಹೋದ ನಮ್ಮ ಅಜ್ಜಿಯರು ಸೆರಗನ್ನು ತಿರುವಿ ಹಿಂದಿನ ಎಳೆ ನೋಡದೆ ಅಂಗಡಿಯವನ ಜೊತೆ ರೇಟಿನ ಮಾತೇ ಎತ್ತುತ್ತಿರಲಿಲ್ಲ. ಅದೇ ಮನೆಯವರು ಶ್ರೀನಗರಕ್ಕೆ ಪ್ರವಾಸ ಹೋದಾಗ, ಇಲ್ಲವೆ ಬೆಂಗಳೂರಿನ ದೊಡ್ಡ ಹೋಟೆಲಿನ ಪ್ರದರ್ಶನದಲ್ಲಿ, ಸೀರೆಯ ಹತ್ತು ಪಟ್ಟು ಬೆಲೆಯ ಕಂಬಳಿಯನ್ನು ತಿರುಗಿಸಿಯೂ ನೋಡದೆ ಕಾರ್ಡು ಉಜ್ಜಿ ಬರುತ್ತಾರೆ. ಕೈಗೆ ಗೊತ್ತಿರುವ ವಿದ್ಯೆ ಅಲ್ಲಿ ಯಾಕೆ ಮರೆತುಹೋಗುತ್ತದೋ!

ಮೊದಲು ಕಂಬಳಿ ಹೇಗೆ ಹುಟ್ಟುತ್ತದೆ ನೋಡೋಣ. ನಮ್ಮ ನವಲಗುಂದದ ಜಮಖಾನ ಗೊತ್ತಿರುವವರು ಕೇಳಿಸಿಕೊಳ್ಳಿ. ಅದರಲ್ಲಿ ಗಂಟಿಲ್ಲ. ಹಾಸುನೂಲಿನ ಮಧ್ಯೆ ಬಣ್ಣದ ಹೊಕ್ಕುನೂಲೇ ಓಡಾಡಿ ನವಿಲು, ಪಗಡೆ ಹಾಸು ಮೂಡುತ್ತದೆ. ರತ್ನಗಂಬಳಿ ಹಾಗಲ್ಲ. ನೆಟ್ಟಗೆ ನಿಂತ ಮಗ್ಗದಲ್ಲಿ ಹಾಸುನೂಲನ್ನು ಮೇಲಿಂದ ಕೆಳಕ್ಕೆ ಬಿಗಿದಿರುತ್ತಾರೆ. ಪಕ್ಕಪಕ್ಕದ ಎರಡು ಹಾಸುನೂಲಿಗೆ ಬಣ್ಣದ ತುಂಡು ಎಳೆಯನ್ನು ಸುತ್ತಿ, ಎಳೆದು, ಕತ್ತರಿಸುತ್ತಾರೆ. ಅದು ಒಂದು ಗಂಟು. ಹೀಗೆ ಒಂದು ಸಾಲು ಮುಗಿದ ಮೇಲೆ ಹೊಕ್ಕುನೂಲು ತೂರಿಸಿ, ಪಂಜ ಎಂಬ ಕಬ್ಬಿಣದ ಹಣಿಗೆಯಿಂದ ಹೊಡೆದು ಕೂರಿಸುತ್ತಾರೆ. ಮತ್ತೆ ಮುಂದಿನ ಸಾಲು. ಮೇಲೆ ಉಳಿದ ತುಂಡು ತುದಿಗಳೇ ತುಪ್ಪಳ. ವ್ಯಾಪಾರದ ಮಾತಿನಲ್ಲಿ ಪೈಲ್. ಕೊನೆಯಲ್ಲಿ ಎರಡು ತುದಿಗಳಲ್ಲಿ ಉಳಿಯುವ ಹಾಸುನೂಲೇ ಕುಚ್ಚು. ಸೀರೆಯ ಕುಚ್ಚಿನಂತೆ ಆಮೇಲೆ ಕಟ್ಟಿದ್ದಲ್ಲ ಅದು, ಕಂಬಳಿಯ ಎಲುಬಿನ ಕೊನೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರೇಷ್ಮೆ ಕಂಬಳಿ ಎಂದರೆ ನಮ್ಮ ದೇಶದಲ್ಲಿ ಕಾಶ್ಮೀರ. ಇರಾನಿನ ಕೋಮ್, ತುರ್ಕಿಯ ಹೆರೆಕೆ ಲೋಕಪ್ರಸಿದ್ಧ. ಚೀನಾದಲ್ಲೂ ಬಹಳ ಮಾಡುತ್ತಾರೆ. ಕಾಶ್ಮೀರಕ್ಕೆ ಈ ಕಸುಬನ್ನು ತಂದವನು 1420ರಿಂದ 1470ರವರೆಗೆ ಆಳಿದ ಸುಲ್ತಾನ ಜೈನ್-ಉಲ್-ಆಬಿದೀನ್, ಪರ್ಷಿಯಾ ಮತ್ತು ಮಧ್ಯ ಏಷ್ಯಾದಿಂದ ಕಸುಬುದಾರರನ್ನು ಕರೆಸಿದವನು ಅವನೇ ಎಂದು ಅಲ್ಲಿಯವರು ಹೇಳಿಕೊಂಡು ಬಂದಿದ್ದಾರೆ. ಆದರೆ ಈಗ ನಾವು ಕಾಣುವ ಕಾಶ್ಮೀರಿ ಕಂಬಳಿಯ ಕಥೆ 19ನೆಯ ಶತಮಾನದ್ದು. ಆಗ ಕಾಶ್ಮೀರದ ಶಾಲಿಗೆ ಫ್ರಾನ್ಸ್ ದೊಡ್ಡ ಮಾರುಕಟ್ಟೆ. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಾಕ್ಕೂ ಯುದ್ಧ ಹತ್ತಿ ಆ ವ್ಯಾಪಾರ ಕುಸಿಯಿತು. ಅದರ ಬೆನ್ನಿಗೇ 1877ರಿಂದ ಭೀಕರ ಬರಗಾಲ. ಶಾಲು ನೇಯುತ್ತಿದ್ದವರಲ್ಲಿ ಉಳಿದವರು ಅನೇಕರು ಕಂಬಳಿಯ ಮಗ್ಗಕ್ಕೆ ಬಂದರು. ಬರುವಾಗ ಶಾಲಿನ ಒಂದು ಗುಟ್ಟನ್ನೂ ಜೊತೆಗೆ ತಂದರು: ತಾಲೀಮು.

ತಾಲೀಮು ಎಂದರೆ ಕಂಬಳಿಯ ಲಿಪಿ. ಇರಾನಿನಲ್ಲಿ, ತುರ್ಕಿಯಲ್ಲಿ ಬಣ್ಣ ಹಚ್ಚಿದ ಚೌಕಳಿ ಕಾಗದವನ್ನು ಮಗ್ಗದ ಮುಂದೆ ಕಟ್ಟಿಕೊಂಡು ನೇಯುತ್ತಾರೆ. ಕಾಶ್ಮೀರದ ನೇಕಾರನ ಎದುರಿಗೆ ಚಿತ್ರವೇ ಇರುವುದಿಲ್ಲ. ನಕ್ಕಾಶ್, ಎಂದರೆ ಚಿತ್ರಗಾರ, ಬರೆದ ವಿನ್ಯಾಸವನ್ನು ತಾಲೀಮು ಬರೆಯುವವನು ಒಂದೊಂದು ಗಂಟಿನ ಲೆಕ್ಕದಲ್ಲಿ ಸಂಕೇತಗಳಿಗೆ ಇಳಿಸುತ್ತಾನೆ. ಇಂಥ ಬಣ್ಣ ಇಷ್ಟು ಗಂಟು, ಆಮೇಲೆ ಇಂಥ ಬಣ್ಣ ಇಷ್ಟು ಗಂಟು ಎಂದು ಉದ್ದುದ್ದ ಕಾಗದದ ಪಟ್ಟಿಯ ತುಂಬ ಸಾಲು ಸಾಲು ಗುರುತುಗಳು. ಒಂದೇ ಮಗ್ಗಕ್ಕೆ ಇಬ್ಬರು ಮೂವರು ಕೂತಿದ್ದರೆ ಒಬ್ಬ ರಾಗವಾಗಿ ಓದುತ್ತಾನೆ, ಉಳಿದವರು ದನಿಗೂಡಿಸಿ ಗಂಟು ಹಾಕುತ್ತಾರೆ. ಹೂವೂ ಹಕ್ಕಿಯೂ ಕಿವಿಯಿಂದ ಬೆರಳಿಗೆ ಇಳಿಯುತ್ತವೆ. ಬಾನುಲಿಯಲ್ಲಿ ಮಾತಾಡುವವನಿಗೆ ಈ ಪದ್ಧತಿಯ ಮೇಲೆ ಸ್ವಲ್ಪ ಹೆಚ್ಚೇ ಪ್ರೀತಿ ಬಂದರೆ ತಪ್ಪೇನಿಲ್ಲ. ಈಗ ತಾಲೀಮನ್ನು ಕಂಪ್ಯೂಟರಿನಲ್ಲೂ ತಯಾರಿಸುತ್ತಾರೆ. ಗಂಟು ಮಾತ್ರ ಇನ್ನೂ ಬೆರಳಿನದೇ.

ಸರಿ, ಈಗ ಅಂಗಡಿಗೆ ಹೋಗೋಣ. ಕಂಬಳಿಯ ಮೂಲೆ ಹಿಡಿದು ಮಗುಚಿ. ಬೆನ್ನಿನ ಮೇಲೆ ಬಟ್ಟೆ ಅಂಟಿಸಿದ್ದರೆ ಅಲ್ಲಿಗೇ ಮುಗಿಯಿತು. ಅದು ಟಫ್ಟೆಡ್ ಕಂಬಳಿ. ಪಿಸ್ತೂಲಿನಂಥ ಯಂತ್ರದಿಂದ ಬಟ್ಟೆಗೆ ಎಳೆ ಚುಚ್ಚಿ, ಹಿಂದೆ ಅಂಟು ಬಳಿದು ಮುಚ್ಚಿದ್ದು. ಅದನ್ನೂ ಕೈಯಿಂದ ಮಾಡಿದ್ದು ಎಂದು ಮಾರುತ್ತಾರೆ. ಆ ಯಂತ್ರವನ್ನು ಕೈಯಲ್ಲಿ ಹಿಡಿದಿರುವುದು ನಿಜ, ಹಾಗಾಗಿ ಸುಳ್ಳು ಎನ್ನಲು ಬರುವುದಿಲ್ಲ. ಅಂಟು ಕೆಲವು ವರ್ಷಗಳಲ್ಲಿ ಒಣಗಿ ಪುಡಿಪುಡಿಯಾಗಿ ಉದುರುತ್ತದೆ. ಗಂಟಿನ ಕಂಬಳಿಯಲ್ಲಿ ಮುಂದೆ ಕಂಡ ಚಿತ್ರವೇ ಹಿಂದೆಯೂ, ಇನ್ನೂ ಸ್ಪಷ್ಟವಾಗಿ, ಕಾಣಬೇಕು. ಎಷ್ಟೋ ಸಲ ಮುಖಕ್ಕಿಂತ ಬೆನ್ನಲ್ಲೇ ಗೆರೆ ತಿದ್ದಿದ ಹಾಗಿರುತ್ತದೆ.

ಕುಚ್ಚನ್ನು ನೋಡಿ. ಅದು ಕಂಬಳಿಯ ಒಳಗಿನಿಂದಲೇ ಹೊರಟಿರಬೇಕು. ಬೇರೆ ಪಟ್ಟಿಯಾಗಿ ಹೊಲಿದಿದ್ದರೆ ಒಂದೋ ಅದು ಯಂತ್ರದ ಕಂಬಳಿ, ಇಲ್ಲವೆ ತುದಿ ಹರಿದು ರಿಪೇರಿ ಆದದ್ದು. ಕುಚ್ಚು ಹತ್ತಿಯದಾಗಿದ್ದರೆ ಗಾಬರಿ ಬೇಡ. ಹಾಸುನೂಲು ಹತ್ತಿ, ತುಪ್ಪಳ ರೇಷ್ಮೆ, ಇದು ಕಾಶ್ಮೀರದ ನ್ಯಾಯವಾದ ಮಾಲು. "ಸಿಲ್ಕ್ ಆನ್ ಕಾಟನ್" ಎಂದು ಅವರೇ ಹೇಳುತ್ತಾರೆ. ಹತ್ತಿಯ ಹಾಸು ನೆಲದ ಮೇಲೆ ಗಟ್ಟಿಯಾಗಿ ಕೂರುತ್ತದೆ ಕೂಡ. ಕುಚ್ಚೂ ರೇಷ್ಮೆಯಾದರೆ "ಸಿಲ್ಕ್ ಆನ್ ಸಿಲ್ಕ್". ರೇಷ್ಮೆಯ ಹಾಸುನೂಲು ಸಣ್ಣ, ಆದರೂ ಬಲಶಾಲಿ. ಹಾಗಾಗಿ ಅಂಗುಲಕ್ಕೆ ಹೆಚ್ಚು ಗಂಟು ಹಿಡಿಸುತ್ತದೆ, ಬೆಲೆಯೂ ಮೇಲೇರುತ್ತದೆ. ಮೊದಲನೆಯದನ್ನು ಎರಡನೆಯದರ ಬೆಲೆಗೆ ಮಾರಿದರೆ ಅದು ಮೋಸ. ಕುಚ್ಚನ್ನು ಬೆರಳಲ್ಲಿ ಹೊಸೆದು ನೋಡಿದರೆ ಹತ್ತಿ ಯಾವುದು, ರೇಷ್ಮೆ ಯಾವುದು ಎಂದು ನಮ್ಮ ಯಾವ ಗೃಹಿಣಿಗೂ ಹೇಳಿಕೊಡಬೇಕಾಗಿಲ್ಲ.

ಇನ್ನು ಗಂಟಿನ ಎಣಿಕೆ. ಒಂದು ಸ್ಕೇಲು ಜೇಬಿನಲ್ಲಿರಲಿ. ಬೆನ್ನಿನ ಮೇಲೆ ಅಡ್ಡಕ್ಕೆ ಒಂದು ಅಂಗುಲ, ಉದ್ದಕ್ಕೆ ಒಂದು ಅಂಗುಲ ಗುರುತು ಮಾಡಿ, ಸೂಜಿಯ ಮೊನೆಯಿಂದ ಎಣಿಸಿ. ಅಡ್ಡ 18, ಉದ್ದ 18 ಬಂದರೆ ಗುಣಿಸಿ: ಚದರಂಗುಲಕ್ಕೆ 324 ಗಂಟು. ಕಾಶ್ಮೀರದ ರೇಷ್ಮೆ ಕಂಬಳಿಯಲ್ಲಿ ಇದು ಸಾಮಾನ್ಯವಾಗಿ ಸಿಗುವ ಒಳ್ಳೆಯ ದರ್ಜೆ. 20ಕ್ಕೆ 20 ಇದ್ದರೆ 400, 24ಕ್ಕೆ 24 ಇದ್ದರೆ 576. 30ಕ್ಕೆ 30, ಅಂದರೆ 900, ಅಪರೂಪ. ಇರಾನಿನ ತಬ್ರೀಜಿನವರು "ರಜ್" ಎಂಬ ಲೆಕ್ಕ ಹೇಳುತ್ತಾರೆ, ಸುಮಾರು 7 ಸೆಂಟಿಮೀಟರಿಗೆ ಎಷ್ಟು ಗಂಟು ಎಂದು. ಅವರ 50 ರಜ್ ಹೆಚ್ಚುಕಡಿಮೆ ನಮ್ಮ 18ಕ್ಕೆ 18. ಹೆರೆಕೆಯಲ್ಲಿ ಸೆಂಟಿಮೀಟರಿಗೆ 10ಕ್ಕೆ 10 ಎನ್ನುವುದು ಹೆಸರಾದ ಮಟ್ಟ. ಅದು ಚದರಂಗುಲಕ್ಕೆ 645 ಆಗುತ್ತದೆ.

ಎಣಿಸುವಾಗ ಒಂದು ಎಚ್ಚರ ಬೇಕು. ಕೆಲವು ಕಂಬಳಿಗಳ ಬೆನ್ನಲ್ಲಿ ಒಂದು ಗಂಟು ಒಂದೇ ಉಬ್ಬಾಗಿ ಕಾಣುತ್ತದೆ, ಕೆಲವುಗಳಲ್ಲಿ ಜೋಡಿ ಉಬ್ಬಾಗಿ. ಜೋಡಿಯನ್ನು ಎರಡೆಂದು ಎಣಿಸಿದರೆ 200 ಗಂಟಿನ ಕಂಬಳಿ ಕಣ್ಣೆದುರೇ 400ರದ್ದಾಗಿಬಿಡುತ್ತದೆ. ಗೊತ್ತು ಮಾಡಿಕೊಳ್ಳುವುದು ಸುಲಭ. ಹೂವಿನ ದಂಟಿನಂಥ ಅತಿ ಸಣ್ಣ ಗೆರೆ ಒಂದನ್ನು ಹುಡುಕಿ. ಆ ಗೆರೆಯ ಬಣ್ಣ ಎಲ್ಲೂ ಒಂಟಿ ಉಬ್ಬಿನಲ್ಲಿ ಬರದೆ ಯಾವಾಗಲೂ ಅಕ್ಕಪಕ್ಕದ ಎರಡರಲ್ಲೇ ಬರುತ್ತಿದ್ದರೆ, ಆ ಎರಡು ಸೇರಿ ಒಂದು ಗಂಟು. ಇನ್ನೊಂದು ಕಳ್ಳಗಂಟು ಇದೆ, ಜುಫ್ತಿ ಎನ್ನುತ್ತಾರೆ. ಎರಡು ಹಾಸುನೂಲಿಗೆ ಹಾಕಬೇಕಾದ ಗಂಟನ್ನು ನಾಲ್ಕಕ್ಕೆ ಹಾಕಿ ಮುಂದೆ ಹೋಗುವುದು. ಕೆಲಸ ಅರ್ಧವಾಗುತ್ತದೆ, ತುಪ್ಪಳ ತೆಳುವಾಗುತ್ತದೆ, ಬೇಗ ಸವೆಯುತ್ತದೆ. ಒಂದೇ ಬಣ್ಣ ಬಯಲಾಗಿ ಹಬ್ಬಿರುವ ಜಾಗದಲ್ಲಿ ಇದನ್ನು ನುಗ್ಗಿಸುತ್ತಾರೆ, ಹೂಬಳ್ಳಿ ಇರುವ ಕಡೆ ಆಗುವುದಿಲ್ಲ. ಅದಕ್ಕೇ ಎರಡು ಮೂರು ಕಡೆ ಎಣಿಸಿ, ಬಯಲಿನಲ್ಲಿ ಒಮ್ಮೆಯಾದರೂ.

ಎಣಿಕೆ ಯಾಕೆ ಮುಖ್ಯ ಎನ್ನುವುದಕ್ಕೆ ಒಂದು ಸಣ್ಣ ಲೆಕ್ಕ. ನಾಲ್ಕಡಿಗೆ ಆರಡಿಯ ಕಂಬಳಿ ತೆಗೆದುಕೊಳ್ಳಿ. 48 ಅಂಗುಲ, 72 ಅಂಗುಲ. ಒಟ್ಟು 3,456 ಚದರಂಗುಲ. 324ರಿಂದ ಗುಣಿಸಿದರೆ 11 ಲಕ್ಷದ 19 ಸಾವಿರಕ್ಕೂ ಮೇಲೆ ಗಂಟು. ಪಳಗಿದ ಕೈ ದಿನಕ್ಕೆ 6ರಿಂದ 8 ಸಾವಿರ ಗಂಟು ಹಾಕುತ್ತದೆ ಎಂದಿಟ್ಟುಕೊಳ್ಳಿ. ಒಬ್ಬನೇ ಕೂತರೆ ರಜವಿಲ್ಲದೆ ಐದಾರು ತಿಂಗಳ ದುಡಿಮೆ. ಅದೇ ಅಳತೆಯಲ್ಲಿ 900 ಗಂಟಿನದಾದರೆ 31 ಲಕ್ಷ, ಒಂದು ವರ್ಷಕ್ಕೂ ಹೆಚ್ಚು. ಈಗ ಅಂಗಡಿಯವರು ಹೇಳಿದ ಬೆಲೆಯಿಂದ ರೇಷ್ಮೆಯ ಬೆಲೆ ಕಳೆಯಿರಿ, ಬಣ್ಣದ ಖರ್ಚು, ತೊಳೆದು ಕತ್ತರಿಸಿದವನ ಕೂಲಿ, ಸಾಗಣೆ, ಅಂಗಡಿ ಬಾಡಿಗೆ, ಲಾಭ ಕಳೆಯಿರಿ. ಉಳಿದದ್ದನ್ನು ದಿನಗಳಿಂದ ಭಾಗಿಸಿ. ದಿನಗೂಲಿ ನಾಚಿಕೆ ಹುಟ್ಟಿಸುವಷ್ಟು ಕಡಿಮೆ ಬಂದರೆ ಎರಡರಲ್ಲಿ ಒಂದು ನಿಜ: ಗಂಟಿನ ಲೆಕ್ಕ ಸುಳ್ಳು, ಇಲ್ಲವೆ ನೇಕಾರನಿಗೆ ಸಿಕ್ಕಿದ್ದು ಅಷ್ಟೇ. ಎರಡನೆಯದು ಬಹಳ ಕಡೆ ನಿಜ ಎನ್ನುವುದೇ ದುಃಖ. ಶ್ರೀನಗರದ ಹಳೆಯ ಪೇಟೆಯಲ್ಲಿ, ಬಡ್ಗಾಮ್, ಬಂಡಿಪೋರಾದ ಹಳ್ಳಿಗಳಲ್ಲಿ ಹರೆಯದವರು ಮಗ್ಗ ಬಿಟ್ಟು ಬೇರೆ ದುಡಿಮೆಗೆ ಹೋಗುತ್ತಿರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಾಗಿಲ್ಲ.

ಆದರೆ ಗಂಟನ್ನೇ ಎಲ್ಲಕ್ಕೂ ದೇವರು ಮಾಡಬೇಡಿ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿ ಅರ್ದಬೀಲ್ ಕಂಬಳಿ ಇದೆ. ಹಿಜರಿ 946, ಎಂದರೆ 1539-40 ಎಂಬ ಕಾಲವನ್ನೂ ಮಕ್ಸೂದ್ ಕಾಶಾನಿ ಎಂಬ ಹೆಸರನ್ನೂ ಅದರಲ್ಲೇ ನೇಯ್ದಿದ್ದಾರೆ. ಉದ್ದ ಹತ್ತೂವರೆ ಮೀಟರು, ಅಗಲ ಐದು ಮೀಟರು ದಾಟುತ್ತದೆ. ವಿಲಿಯಂ ಮಾರಿಸ್ ಎಂಬ ಕಲಾವಿದ ಇದನ್ನು ಬಿಡಬೇಡಿ ಎಂದು ಒತ್ತಾಯಿಸಿದ್ದರಿಂದ 1893ರಲ್ಲಿ ಸಂಗ್ರಹಾಲಯ 2,000 ಪೌಂಡು ಕೊಟ್ಟು ಕೊಂಡಿತು. ಆ ಕಾಲಕ್ಕೆ ದೊಡ್ಡ ಮೊತ್ತ. ಬಣ್ಣ ಮಾಸದಿರಲೆಂದು ಈಗಲೂ ಅರ್ಧ ಗಂಟೆಗೊಮ್ಮೆ ಹತ್ತು ನಿಮಿಷ ಮಾತ್ರ ದೀಪ ಹಾಕುತ್ತಾರೆ. ಜಗತ್ತಿನ ಅತ್ಯಂತ ಪ್ರಸಿದ್ಧ ರತ್ನಗಂಬಳಿಗಳಲ್ಲಿ ಒಂದಾದ ಇದರ ಗಂಟು ಚದರಂಗುಲಕ್ಕೆ ಸುಮಾರು 340. ನಿಮ್ಮ ಪೇಟೆಯ 18ಕ್ಕೆ 18ರ ಆಸುಪಾಸು! ಇನ್ನೂ ಸ್ವಾರಸ್ಯದ ಮಾತೆಂದರೆ ಅದರ ಹಾಸೂ ಹೊಕ್ಕೂ ರೇಷ್ಮೆ, ಮೇಲಿನ ತುಪ್ಪಳ ಉಣ್ಣೆ. ರೇಷ್ಮೆಯನ್ನು ಹೊಳಪಿಗೆ ಬಳಸದೆ ಬಲಕ್ಕೆ ಬಳಸಿದ್ದಾರೆ.

ಹಾಗಾದರೆ ಗಂಟಿನ ಹೊರತು ಏನು ನೋಡಬೇಕು? ಗೆರೆ ನೋಡಿ. ಬಳ್ಳಿ ಬಾಗುವ ಕಡೆ ಮೆಟ್ಟಿಲು ಮೆಟ್ಟಿಲಾಗಿ ಕಾಣದೆ ಹರಿದಿದೆಯೆ? ಅಂಚಿನ ವಿನ್ಯಾಸ ನಾಲ್ಕೂ ಮೂಲೆಯಲ್ಲಿ ಸರಿಯಾಗಿ ತಿರುಗಿದೆಯೆ, ಅಥವಾ ಅರ್ಧ ಹೂವಿಗೆ ಕತ್ತರಿಸಿಕೊಂಡು ಅಡ್ಡ ಸಾಲಿಗೆ ಗುದ್ದಿದೆಯೆ? ಎರಡು ತುದಿಗಳ ಅಗಲ ಅಳೆಯಿರಿ. ಅಂಗುಲಗಟ್ಟಲೆ ವ್ಯತ್ಯಾಸ ಬಂದರೆ ಹಾಸುನೂಲು ಸಮನಾಗಿ ಬಿಗಿದಿರಲಿಲ್ಲ. ನೆಲದ ಮೇಲೆ ಹಾಸಿದಾಗ ಅಲೆ ಏಳಬಾರದು, ಅಂಚು ಸುರುಳಿಕೊಳ್ಳಬಾರದು. ಕಂಬಳಿಯನ್ನು ಬೆಳಕಿಗೆ ಎತ್ತಿ ಹಿಡಿದರೆ ತೂತು ಕಾಣಬಾರದು. ತುಪ್ಪಳ ಗಿಡ್ಡವಾಗಿ, ಸಮನಾಗಿ ಕತ್ತರಿಸಿರಬೇಕು. ಗಂಟು ಕಡಿಮೆ ಇದ್ದಾಗ ಅದನ್ನು ಮುಚ್ಚಲು ತುಪ್ಪಳವನ್ನು ಉದ್ದ ಬಿಡುವುದುಂಟು. ಎಲ್ಲೋ ಒಂದು ಗಂಟು ಬಣ್ಣ ತಪ್ಪಿದ್ದರೆ, ಎಲೆಯೊಂದು ಪಕ್ಕದ ಎಲೆಗಿಂತ ತುಸು ದಪ್ಪವಾಗಿದ್ದರೆ ಮನ್ನಿಸಿ. ತಾಲೀಮು ಓದಿದವರ ಗಂಟಲು ಒಣಗಿದ ಹೊತ್ತು ಅದು. ಬೆನ್ನೆಲ್ಲ ಅಳತೆಗೋಲಿಟ್ಟಂತೆ ಒಂದೇ ಸಮ ಇದ್ದರೆ ಯಂತ್ರದ ಅನುಮಾನ ಇರಲಿ.

ಈಗ ಕಷ್ಟದ ಪ್ರಶ್ನೆ: ತುಪ್ಪಳ ನಿಜವಾದ ರೇಷ್ಮೆಯೆ? ಬನಾನಾ ಸಿಲ್ಕ್, ಬಾಂಬೂ ಸಿಲ್ಕ್, ಆರ್ಟ್ ಸಿಲ್ಕ್ ಎಂದು ಪೇಟೆಯಲ್ಲಿ ಹಲವು ಹೆಸರು. ಇವಕ್ಕೂ ರೇಷ್ಮೆ ಹುಳಕ್ಕೂ ಯಾವ ಸಂಬಂಧವೂ ಇಲ್ಲ. ಬಹಳ ಸಲ ಎಲ್ಲ ವಿಸ್ಕೋಸಿನ ಬಂಧುಗಳೇ. ವಿಸ್ಕೋಸ್ ಒಣಗಿರುವಾಗ ಸುಂದರಿ. ನೀರು ಬಿದ್ದರೆ ಅದರ ಬಲ ಅರ್ಧಕ್ಕೆ ಇಳಿಯುತ್ತದೆ, ತುಪ್ಪಳ ಗಂಟುಗಂಟಾಗಿ ಕೂರುತ್ತದೆ, ಹಳದಿ ಕಲೆ ಉಳಿಯುತ್ತದೆ. ಅಂಗೈಯಿಂದ ಉಜ್ಜಿ ಬಿಸಿಯಾದರೆ ರೇಷ್ಮೆ ಎನ್ನುವ ಪರೀಕ್ಷೆಯನ್ನು ಎಲ್ಲ ಮಾರಾಟಗಾರರೂ ಮಾಡಿ ತೋರಿಸುತ್ತಾರೆ. ಅದನ್ನು ನಂಬಬೇಡಿ, ಜೋರಾಗಿ ಉಜ್ಜಿದರೆ ಏನು ತಾನೆ ಬಿಸಿಯಾಗುವುದಿಲ್ಲ?

ನಂಬಬಹುದಾದದ್ದು ಸುಡುವ ಪರೀಕ್ಷೆ. ಸುಟ್ಟರೆ ರೇಷ್ಮೆಗೆ ಕೂದಲು ಸುಟ್ಟ ವಾಸನೆ. ಬೆಂಕಿ ತೆಗೆದರೆ ಬಹುಮಟ್ಟಿಗೆ ಆರುತ್ತದೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಕರಿ ಬೂದಿ ಉಳಿಯುತ್ತದೆ. ಹತ್ತಿ, ವಿಸ್ಕೋಸ್ ಕಾಗದದ ವಾಸನೆ ಬಿಟ್ಟುಕೊಂಡು ಸರಸರ ಉರಿಯುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆದರೆ ಇಲ್ಲೊಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಅಂಗಡಿಯವರು ಕುಚ್ಚಿನಿಂದ ಎಳೆ ಕಿತ್ತು ಸುಟ್ಟು ತೋರಿಸುತ್ತಾರೆ. ಕುಚ್ಚು ಹಾಸುನೂಲು ಎಂದು ಆಗಲೇ ಹೇಳಿದೆನಲ್ಲ; ಅದು ರೇಷ್ಮೆ ಎಂದ ಮಾತ್ರಕ್ಕೆ ತುಪ್ಪಳವೂ ರೇಷ್ಮೆಯಾಗಬೇಕೆಂದಿಲ್ಲ. ತುಪ್ಪಳದ ಎಳೆಯನ್ನೇ, ಬೇರೆ ಬೇರೆ ಬಣ್ಣದ ಕಡೆಯಿಂದ ಚೂರು ಚೂರು ಕತ್ತರಿಸಿ ಸುಡಲು ಕೇಳಿ. ಉಣ್ಣೆಯ ಕಂಬಳಿಯಲ್ಲಿ ಹೂವಿನ ಅಂಚಿಗೆ ಮಾತ್ರ ರೇಷ್ಮೆ ಕೊಡುವ ಪದ್ಧತಿಯೂ ಇದೆ, ಚೆನ್ನಾಗಿಯೇ ಕಾಣುತ್ತದೆ. ಉಣ್ಣೆಯೂ ಸುಟ್ಟರೆ ಕೂದಲಿನ ವಾಸನೆಯೇ ಬರುವುದರಿಂದ ಅಲ್ಲಿ ಮೂಗನ್ನು ಬಿಟ್ಟು ಬೆರಳನ್ನು ನಂಬಿ.

ರೇಷ್ಮೆ ಎಂದು ಖಚಿತವಾದ ಮೇಲೂ ಯಾವ ರೇಷ್ಮೆ ಎನ್ನುವುದು ಉಳಿಯುತ್ತದೆ. ಗೂಡಿನಿಂದ ಒಂದೇ ಉದ್ದ ಎಳೆಯಾಗಿ ಬಿಚ್ಚಿದ ನೂಲು ಒಂದು ದರ್ಜೆ. ಚಿಟ್ಟೆ ತೂತು ಮಾಡಿದ ಗೂಡು, ಬಿಚ್ಚಾಣಿಕೆಯಲ್ಲಿ ಉಳಿದ ತ್ಯಾಜ್ಯ ಇವನ್ನು ಹಿಂಜಿ ನೂತ ಸ್ಪನ್ ಸಿಲ್ಕ್ ಇನ್ನೊಂದು ದರ್ಜೆ. ಎರಡೂ ಶುದ್ಧ ರೇಷ್ಮೆಯೇ, ಎರಡೂ ಸುಟ್ಟರೆ ಒಂದೇ ವಾಸನೆ. ಆದರೆ ಸ್ಪನ್ ನೂಲಿನ ಹೊಳಪು ಮಂಕು, ತುಂಡು ಎಳೆಗಳಾದ್ದರಿಂದ ನೂಲು ನೂಲಾಗಿ ಉದುರುವುದೂ ಹೆಚ್ಚು. ಕಾಶ್ಮೀರದ ಮಗ್ಗಗಳಿಗೆ ಹೊರಗಿನಿಂದ ಬರುವ ನೂಲಿನಲ್ಲಿ ಚೀನಾದ್ದೂ ಇದೆ, ನಮ್ಮ ಬೆಂಗಳೂರಿನ ಪೇಟೆಯದೂ ಇದೆ. ಶ್ರೀನಗರದಲ್ಲಿ ಕೊಂಡು ತಂದ ಕಂಬಳಿಯಲ್ಲಿ ಶಿಡ್ಲಘಟ್ಟದ ಕಡೆಯ ಎಳೆ ತವರಿಗೆ ಬಂದಿದ್ದರೆ ಆಶ್ಚರ್ಯವಿಲ್ಲ.

ಬಣ್ಣದ ಮಾತು. ನೀಲಿ, ಮಂಜಿಷ್ಠ, ದಾಳಿಂಬೆ ಸಿಪ್ಪೆ, ಅಕ್ರೋಟು ಸಿಪ್ಪೆಯ ಬಣ್ಣಗಳ ಹೊಗಳಿಕೆ ಎಲ್ಲ ಅಂಗಡಿಯಲ್ಲೂ ಕೇಳುತ್ತೀರಿ. ಇವತ್ತಿನ ಬಹುಪಾಲು ರೇಷ್ಮೆ ಕಂಬಳಿಗೆ ಹಾಕುವುದು ರಾಸಾಯನಿಕ ಬಣ್ಣ. ಒಳ್ಳೆಯ ರಾಸಾಯನಿಕ ಬಣ್ಣದಲ್ಲಿ ಕೀಳೇನೂ ಇಲ್ಲ. ಕೇಳಬೇಕಾದ್ದು ಬಣ್ಣದ ಜಾತಿಯನ್ನಲ್ಲ, ಬಾಳಿಕೆಯನ್ನು. ಬಿಳಿ ಕರವಸ್ತ್ರವನ್ನು ಒದ್ದೆ ಮಾಡಿ ಕೆಂಪಿನ ಮೇಲೆ, ಕಪ್ಪಿನ ಮೇಲೆ ಒತ್ತಿ ಉಜ್ಜಿ. ಬಣ್ಣ ಹತ್ತಿದರೆ ಬೇಡ. ತುಪ್ಪಳವನ್ನು ಬೆರಳಲ್ಲಿ ಬಿಡಿಸಿ ಬುಡ ನೋಡಿ. ಬುಡ ಗಾಢವಾಗಿ ತುದಿ ಬಿಳಿಚಿಕೊಂಡಿದ್ದರೆ ಬಿಸಿಲು ತಿಂದಿದೆ, ಅಥವಾ ಹಳೆಯದರಂತೆ ಕಾಣಲೆಂದು ಔಷಧಿಯಲ್ಲಿ ತೊಳೆದಿದ್ದಾರೆ. ಬಿಸಿಲು ಏನು ಮಾಡಬಲ್ಲದು ಎನ್ನುವುದಕ್ಕೆ 17ನೆಯ ಶತಮಾನದ ಇಸ್ಫಹಾನ್, ಕಾಶಾನಿನ ರೇಷ್ಮೆ ಕಂಬಳಿಗಳೇ ಸಾಕ್ಷಿ. ಚಿನ್ನ ಬೆಳ್ಳಿಯ ಜರಿ ಬೆರೆಸಿ ನೇಯ್ದ ಅವುಗಳಲ್ಲಿ ಕೆಲವು 1878ರ ಪ್ಯಾರಿಸ್ ಪ್ರದರ್ಶನಕ್ಕೆ ಬಂದವು. ಪೋಲೆಂಡಿನ ಮನೆತನದ ಲಾಂಛನ ಅವುಗಳ ಮೇಲಿದ್ದುದರಿಂದ ಪೋಲೆಂಡಿನಲ್ಲೇ ನೇಯ್ದದ್ದು ಎಂದು ಭ್ರಮಿಸಿ "ಪೋಲೊನೇಸ್" ಎಂದು ಹೆಸರಿಟ್ಟರು. ಹೆಸರು ಇನ್ನೂ ಹೋಗಿಲ್ಲ. ಈಗ ನೋಡಿದರೆ ಅವು ಪೇಲವ ಗುಲಾಬಿ, ಪೇಲವ ಹಸಿರು. ಹೊಸದರಲ್ಲಿ ಕಣ್ಣು ಕುಕ್ಕುವ ಬಣ್ಣಗಳಿದ್ದವು. ಅದರ ಗುರುತು ಉಳಿದಿರುವುದು ಗಂಟಿನ ಬುಡದಲ್ಲಿ.

ಚೀಟಿ, ಮುದ್ರೆಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬೆಂಗಳೂರಿನಲ್ಲೇ ಇರುವ ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಸಿಲ್ಕ್ ಮಾರ್ಕ್ ಆರಂಭಿಸಿತು. ಅದು ನೂಲು ಅಪ್ಪಟ ರೇಷ್ಮೆ ಎಂದು ಹೇಳುತ್ತದೆ. ಗಂಟಿನ ಬಗ್ಗೆ, ಬಣ್ಣದ ಬಗ್ಗೆ ತುಟಿ ಬಿಚ್ಚುವುದಿಲ್ಲ. ಕಾಶ್ಮೀರದ ಕೈಗಂಟಿನ ಕಂಬಳಿಗೆ ಭೌಗೋಳಿಕ ಸೂಚಕ ಸಿಕ್ಕಿದೆ. ಶ್ರೀನಗರದ ಕಾರ್ಪೆಟ್ ತಂತ್ರಜ್ಞಾನ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿ ಕ್ಯೂಆರ್ ಕೋಡಿನ ಚೀಟಿ ಹಚ್ಚುವ ವ್ಯವಸ್ಥೆ 2022ರಿಂದ ಇದೆ. ಫೋನಿನಲ್ಲಿ ಅದನ್ನು ನೋಡಿದರೆ ಯಾರು ಮಾಡಿಸಿದ್ದು, ಯಾವ ಜಿಲ್ಲೆಯದು, ಯಾವ ನೂಲು ಎಂಬ ವಿವರ ಸಿಗುತ್ತದೆ. ಇಂಥ ಚೀಟಿ ಇದ್ದರೆ ನಿಮ್ಮ ಅರ್ಧ ಕೆಲಸ ಮುಗಿದ ಹಾಗೆ. ಮಕ್ಕಳ ದುಡಿಮೆ ಇಲ್ಲ ಎಂದು ಹೇಳುವ ಗುಡ್‌ವೀವ್ ಗುರುತು, 1994ರಲ್ಲಿ ರಗ್‌ಮಾರ್ಕ್ ಎಂಬ ಹೆಸರಿನಲ್ಲಿ ಶುರುವಾದದ್ದು, ಇದ್ದರೆ ಇನ್ನೂ ಒಳ್ಳೆಯದು. ಅಂಗಡಿಯವರೇ ಕಂಪ್ಯೂಟರಿನಲ್ಲಿ ಅಚ್ಚು ಹಾಕಿಸಿದ ಬಣ್ಣಬಣ್ಣದ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಬಹುದು, ಬೇರೆ ಉಪಯೋಗ ಇಲ್ಲ. "ಇವತ್ತೊಂದು ದಿನ ಮಾತ್ರ ಶೇಕಡಾ 60 ರಿಯಾಯಿತಿ" ಎಂದರೆ ಮೊದಲ ಬೆಲೆ ಎಷ್ಟು ಗಾಳಿಯಲ್ಲಿತ್ತು ಎಂದು ಅವರೇ ಒಪ್ಪಿಕೊಂಡಂತೆ.

ಕೊಳ್ಳುವ ಮುಂಚೆ ಕಣ್ಣು ಪಳಗಿಸಿಕೊಳ್ಳಲು ಕಾಶ್ಮೀರಕ್ಕೇ ಹೋಗಬೇಕಾಗಿಲ್ಲ. ವಿಜಯಪುರಕ್ಕೆ ಹೋದವರು ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿ ಹತ್ತಿ ಇಳಿದು ಬಂದುಬಿಡುತ್ತಾರೆ; ಮುಂದಿರುವ ನಗಾರಖಾನೆಯ ವಸ್ತುಸಂಗ್ರಹಾಲಯದೊಳಗೆ ಹಳೆಯ ರತ್ನಗಂಬಳಿಗಳಿವೆ, ಅವನ್ನೂ ನಿಂತು ನೋಡಿ. ಬೈಲುಕುಪ್ಪೆಯ ಟಿಬೆಟನ್ ನೆಲೆಯಲ್ಲಿ ಉಣ್ಣೆಯ ಕಂಬಳಿ ನೇಯುತ್ತಾರೆ. ಅವರ ಗಂಟಿನ ರೀತಿ ಬೇರೆ, ಒಂದು ಸರಳಿಗೆ ಎಳೆ ಸುತ್ತಿಕೊಂಡು ಹೋಗಿ ಆಮೇಲೆ ಕತ್ತರಿಸುತ್ತಾರೆ. ಆದರೂ ಗಂಟು ಎಂದರೇನು, ಒಂದು ಸಾಲು ಮೇಲೇಳಲು ಎಷ್ಟು ಹೊತ್ತು ಬೇಕು ಎನ್ನುವುದು ಅಲ್ಲಿ ಅರ್ಧ ಗಂಟೆ ಕೂತರೆ ಅರಿವಾಗುತ್ತದೆ.

ಮನೆಗೆ ತಂದ ಮೇಲಿನ ಆರೈಕೆ ಇನ್ನೊಂದು ಭಾಷಣಕ್ಕೆ ಆಗುವಷ್ಟಿದೆ. ಎರಡೇ ಮಾತು ಹೇಳುತ್ತೇನೆ. ರೇಷ್ಮೆ ಕಂಬಳಿಗೆ ಬ್ಲೀಚಿಂಗ್ ನೀರು ತಾಕಬಾರದು. ಅದರಲ್ಲಿ ರೇಷ್ಮೆ ಅಕ್ಷರಶಃ ಕರಗಿಹೋಗುತ್ತದೆ. ಮಡಿಕೇರಿ, ಆಗುಂಬೆ, ಮಂಗಳೂರಿನ ಕಡೆಯವರು ಮಳೆಗಾಲದಲ್ಲಿ ಅದನ್ನು ನೆಲದ ಮೇಲೆ ಬಿಡಬೇಡಿ. ಮಡಿಸದೆ ಸುರುಳಿ ಸುತ್ತಿ, ಹಳೆಯ ಹತ್ತಿ ಸೀರೆಯಲ್ಲಿ ಕಟ್ಟಿ ಎತ್ತರದಲ್ಲಿಡಿ. ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಒಳಗೆ ಬೂಷ್ಟು ಹಿಡಿಯುತ್ತದೆ.

ಕೊನೆಗೆ ಬಿಲ್ಲು. ಬಿಲ್ಲಿನಲ್ಲಿ ಬರೀ "ಸಿಲ್ಕ್ ಕಾರ್ಪೆಟ್ ಒಂದು" ಎಂದು ಬರೆಸಿಕೊಂಡು ಬರಬೇಡಿ. ತುಪ್ಪಳ ಯಾವ ನೂಲು, ಹಾಸು ಯಾವ ನೂಲು, ಚದರಂಗುಲಕ್ಕೆ ಎಷ್ಟು ಗಂಟು, ಉದ್ದ ಅಗಲ ಎಷ್ಟು, ನೇಯ್ದ ಊರು ಯಾವುದು, ಈ ಐದನ್ನು ಅಂಗಡಿಯವರ ಕೈಬರಹದಲ್ಲೇ ಬರೆಸಿ, ಸಹಿ ಮಾಡಿಸಿ. ಬಾಯಲ್ಲಿ ಹೇಳಿದ್ದನ್ನು ಕಾಗದದ ಮೇಲೆ ಬರೆಯಲು ಅವರು ಹಿಂದೆಮುಂದೆ ನೋಡಿದರೆ, ಕಹ್ವಾ ಚೆನ್ನಾಗಿತ್ತು ಎಂದು ಹೇಳಿ ಎದ್ದು ಬನ್ನಿ.